ಅರವತ್ತೊಂದನೆಯ ಲಕೋಟೆ

ಅಂಚೆಯಲ್ಲಿ ಓಡಾಡದ ಚಿತ್ರ ಚಿತ್ರವೇ ಅಲ್ಲ ಎಂದು ರೋಸ್ವಿಟಾ ಹೈಂಕೆ ನಂಬಿದ್ದಳು. ನಂಬಿಕೆ ಎಂದರೆ ಬರೀ ಬಾಯಿಮಾತಿನದಲ್ಲ, ಮಡಿವಂತರ ಮನೆಯ ಮಡಿಯಷ್ಟು ಗಟ್ಟಿ. ಹೈಡೆನ್‌ಬ್ರುಕ್ಕಿನ ದೊಡ್ಡ ಅಂಗಡಿಯ ಗಾಜಿನ ಕಿಟಕಿಗಳನ್ನು ಸಿಂಗರಿಸುವುದು ಅವಳ ನೌಕರಿ. ಒಳಗೆ ಇಲ್ಲದ ಸಾಮಾನನ್ನು ಹೊರಗಿನವರಿಗೆ ಬೇಕಾದಷ್ಟಿದೆ ಎಂದು ಕಾಣಿಸುವ ಹಾಗೆ ಜೋಡಿಸುತ್ತ ಇಪ್ಪತ್ತು ವರ್ಷ ಕಳೆದಿದ್ದಳು. ಸಂಜೆ ಮನೆಗೆ ಬಂದು, ಒಲೆಗೆ ಎರಡು ಕಲ್ಲಿದ್ದಲ ಇಟ್ಟಿಗೆ ಹಾಕಿ, ಕೈ ತೊಳೆದುಕೊಂಡು ತನ್ನ ನಿಜವಾದ ಕೆಲಸಕ್ಕೆ ಕೂರುವಳು. ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಮುದ್ರೆ ಕೆತ್ತುವುದು, ಅರ್ಧ ಚಿತ್ರ ಬರೆಯುವುದು, ಅದನ್ನು ಲೋಕಕ್ಕೆ ಪೋಸ್ಟ್ ಮಾಡುವುದು.

ಅರ್ಧ ಚಿತ್ರ ಪೋಲೆಂಡಿನ ಒಬ್ಬ ಹಲ್ಲಿನ ಡಾಕ್ಟರಿಗೆ ಹೋಗುವುದು. ಆತ ಅದಕ್ಕೊಂದು ಮೀನನ್ನೋ ಏಣಿಯನ್ನೋ ಸೇರಿಸಿ ಬುಡಾಪೆಸ್ಟಿಗೆ ಸಾಗಹಾಕುವನು. ಅಲ್ಲಿಂದ ಸಮುದ್ರ ದಾಟಿ ಬ್ರೆಜಿಲ್ಲಿಗೆ. ಏಳೆಂಟು ತಿಂಗಳ ಮೇಲೆ ಮೈತುಂಬ ಮೊಹರು ಹೊಡೆಸಿಕೊಂಡು, ಮೂಲೆಗಳನ್ನು ಸವೆಸಿಕೊಂಡು ಅದು ಅವಳ ಬಾಗಿಲಿಗೇ ವಾಪಸು ಬರುವುದು. ಪೂರ್ವ ಜರ್ಮನಿಯ ಆ ಕಾಲದಲ್ಲಿ ಅವಳಂಥವಳಿಗೆ ಪೋಲೆಂಡಿಗೆ ಹೋಗಿಬರುವುದೂ ಕಷ್ಟವಾಗಿತ್ತು, ಇನ್ನು ಬ್ರೆಜಿಲ್ ಮಾತು ಬಿಡಿ. ತಾನು ದಾಟಲಾಗದ ಬೇಲಿಯನ್ನು ತನ್ನ ಕಾಗದ ದಾಟುತ್ತದೆ ಎನ್ನುವ ಆ ಒಂದು ಸುಖಕ್ಕಾಗಿ ಅವಳು ಏನನ್ನು ಬೇಕಾದರೂ ಸಹಿಸುತ್ತಿದ್ದಳು.

ಈ ಅಂಚೆ ಕಲೆಯವರಿಗೆ ಸಂಘವಿಲ್ಲ, ಅಧ್ಯಕ್ಷನಿಲ್ಲ, ಆದರೆ ಕಟ್ಟಳೆ ಮಾತ್ರ ಇತ್ತು. ಯಾರಾದರೂ ಒಂದು ವಿಷಯ ಕೊಟ್ಟು ಪ್ರದರ್ಶನ ಕರೆದರೆ, ಬಂದದ್ದನ್ನೆಲ್ಲ ಗೋಡೆಗೆ ಏರಿಸಬೇಕು. ಇದು ಚೆಂದ, ಇದು ಕಸ ಎನ್ನುವಂತಿಲ್ಲ. ಬಂದದ್ದನ್ನು ವಾಪಸು ಕೇಳುವಂತಿಲ್ಲ. ಕಡೆಗೆ, ಕಳಿಸಿದ ಪ್ರತಿಯೊಬ್ಬರಿಗೂ ಎಲ್ಲರ ಹೆಸರು ವಿಳಾಸ ಇರುವ ಒಂದು ಪಟ್ಟಿ ಹೋಗಬೇಕು, ಅದೂ ಅಂಚೆಯಲ್ಲೇ. ಪಟ್ಟಿ ಕಳಿಸದೆ ಸುಮ್ಮನಾದವನನ್ನು ಈ ಜನ ಉಂಡ ಮನೆಗೆ ಎರಡು ಬಗೆದವನ ಹಾಗೆ ನೋಡುತ್ತಿದ್ದರು. ರೋಸ್ವಿಟಾ ಹನ್ನೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ, ಮತ್ತು ಅದರ ಜಂಬ ಅವಳಿಗೆ ಸ್ವಲ್ಪ ಹೆಚ್ಚೇ ಇತ್ತು.

ಕಾಗದಗಳನ್ನು ಯಾರು ಯಾರೋ ಒಡೆದು ನೋಡುತ್ತಾರೆ ಎಂಬುದು ಗುಟ್ಟೇನಲ್ಲ. ಊರಿನಲ್ಲಿ ಆ ಗುಪ್ತ ಪೊಲೀಸರನ್ನು ‘ಕಂಪನಿಯವರು’ ಎನ್ನುತ್ತಿದ್ದರು, ನಿಜವಾದ ಹೆಸರನ್ನು ಬಾಯಿಗೆ ತಂದುಕೊಳ್ಳುತ್ತಿರಲಿಲ್ಲ. ರೋಸ್ವಿಟಾ ಅವರಿಗೂ ಒಂದು ಮುದ್ರೆ ಕೆತ್ತಿಟ್ಟಿದ್ದಳು. ‘ನಡುವೆ ಓದುವವರಿಗೂ ನಮಸ್ಕಾರ’ ಎಂದು ಲಕೋಟೆಯ ಹಿಂದೆ ಒತ್ತುವಳು. ಕಚ್ಚುವ ನಾಯಿಯ ಬಾಲ ಹಿಡಿದು ಸಲಿಗೆ ಮಾಡುವ ಧೈರ್ಯ ಅದು. ಹನ್ನೊಂದು ವರ್ಷ ನಾಯಿ ಕಚ್ಚಿರಲಿಲ್ಲ.

ಎಂಬತ್ತನಾಲ್ಕರ ವಸಂತದಲ್ಲಿ ಅವಳು ಕರೆ ಕೊಟ್ಟ ವಿಷಯ ‘ನನ್ನ ಕಿಟಕಿಯಿಂದ’. ಯಾರೂ ತಕರಾರು ಎತ್ತಲಾಗದ ವಿಷಯ. ಹದಿನಾರು ದೇಶಗಳಿಂದ ಕಾರ್ಡುಗಳು ಬಂದವು. ಪಾರಿವಾಳ, ಒಗೆದ ಬಟ್ಟೆ, ಎದುರು ಮನೆಯ ಮುದುಕಿ, ಖಾಲಿ ಚೌಕ. ಸ್ಥಳ ಕೊಟ್ಟದ್ದು ಚರ್ಚಿನವರು, ತಮ್ಮ ಪಕ್ಕದ ಸಭಾಂಗಣದಲ್ಲಿ. ಬೇರೆಲ್ಲೂ ಸರ್ಕಾರದ ಅಪ್ಪಣೆಯಿಲ್ಲದೆ ಮೊಳೆ ಹೊಡೆಯುವ ಹಾಗಿರಲಿಲ್ಲ.

ಎಕಾರ್ಟ್ ಲಿಬಿಶ್‌ನ ಕಾರ್ಡು ಬಂದದ್ದು ಡ್ರೆಸ್ಡೆನ್ನಿನ ಮೊಹರು ಹೊತ್ತು, ಕಳಿಸಿದವರ ಹೆಸರಿಲ್ಲದೆ. ಎಕಾರ್ಟ್ ಅವಳಿಂದ ಎರಡು ಬೀದಿ ಆಚೆಯವನು, ರೈಲು ಬೋಗಿ ಕಾರ್ಖಾನೆಯಲ್ಲಿ ಲೇತ್ ಹಿಡಿಯುವವನು. ಬಂದೂಕು ಮುಟ್ಟಲಾರೆ ಎಂದು ಹಟ ಹಿಡಿದು ಕಡ್ಡಾಯ ಸೈನ್ಯಸೇವೆಯ ಹದಿನೆಂಟು ತಿಂಗಳನ್ನು ಸಲಿಕೆ ಹಿಡಿದು ಕಳೆದು ಬಂದಿದ್ದ. ಆ ಮೇಲೂ ಸುಮ್ಮನಿರದೆ ಒಮ್ಮೆ ಏನೋ ಬರೆದು ಅಂಟಿಸಿ ಸಿಕ್ಕಿಬಿದ್ದು, ‘ಇನ್ನೊಂದು ಸಲ ಆದರೆ ಜೈಲು’ ಎಂಬ ಕಾಗದಕ್ಕೆ ರುಜು ಹಾಕಿದ್ದ. ಅವನ ಹೆಂಡತಿ ಕರೋಲಾ ಆಸ್ಪತ್ರೆಯಲ್ಲಿ ನರ್ಸು. ಮಗಳು ಯೂಲೆಗೆ ನಾಲ್ಕು ವರ್ಷ.

ಭಾನುವಾರ ಮಧ್ಯಾಹ್ನ ಕರೋಲಾಳ ಮನೆಯಲ್ಲಿ ಗಸಗಸೆ ಕೇಕು ಮತ್ತು ಚಿಕೋರಿ ಕಾಫಿ ಎಂದರೆ ಅದು ಹತ್ತು ವರ್ಷದ ರೂಢಿ. ಆ ಭಾನುವಾರವೂ ನಾಲ್ಕು ಜನ ಕೂತಿದ್ದರು. ನಾಲ್ಕನೆಯವರು ಹೆನ್ನಿಂಗ್ ಮೇಷ್ಟ್ರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಎಕಾರ್ಟ್‌ಗೆ ಬ್ರಷ್ಷು ಹಿಡಿಯಲು ಕಲಿಸಿದವರೂ ಅವರೇ, ರೋಸ್ವಿಟಾಳ ಪ್ರದರ್ಶನಕ್ಕೆ ಏಣಿ ಹತ್ತುವವರೂ ಅವರೇ.

“ಡ್ರೆಸ್ಡೆನ್ನಿಂದ ಒಂದು ಬಂತು ಕಣೋ,” ಎಂದಳು ರೋಸ್ವಿಟಾ. “ಶಿಶುವಿಹಾರದ ಕಿಟಕಿ. ಒಳಗೆ ಪುಟ್ಟ ಪುಟ್ಟ ಮಕ್ಕಳು. ಮುಂದೆ ಮಕ್ಕಳ ಪುಸ್ತಕದಿಂದ ಕತ್ತರಿಸಿ ಅಂಟಿಸಿದ ಯುದ್ಧದ ಟ್ಯಾಂಕು. ‘ನನ್ನ ಮಗಳು ಎಣಿಸೋದು ಕಲೀತಿದಾಳೆ, ಒಂದು ಟ್ಯಾಂಕು, ಎರಡು ಟ್ಯಾಂಕು’ ಅಂತ ಕೆಳಗೆ. ಯಾವ ಪುಣ್ಯಾತ್ಮ ಕಳಿಸಿದ್ನೋ.”

ಎಕಾರ್ಟ್ ಕೇಕಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದ.

“ಡ್ರೆಸ್ಡೆನ್ ತನಕ ಹೋಗಿ ಹಾಕಿ ಬಂದೆ,” ಎಂದ. “ಹೆಸರು ಹಾಕ್ಬೇಡ ರೋಸಿ.”

ಕರೋಲಾ ಕಾಫಿ ಕೆಟಲನ್ನು ಟೇಬಲ್ಲಿನ ಮೇಲೆ ಕುಕ್ಕಿದಳು. “ನಂಗೊಂದು ಮಾತು ಹೇಳಿದ್ಯಾ ನೀನು? ಹಲ್ಲು ನೋವು, ಡ್ರೆಸ್ಡೆನ್ ಡಾಕ್ಟ್ರು ಅಂದೆ!”

“ನೋವು ಇತ್ತು ಕಣೇ. ಹಲ್ಲಲ್ಲಿ ಅಲ್ಲ, ಅಷ್ಟೇ.”

ಮೇಷ್ಟ್ರು ನಕ್ಕರು. ಕರೋಲಾ ನಗಲಿಲ್ಲ. ರೋಸ್ವಿಟಾಳ ಕೈ ಹಿಡಿದುಕೊಂಡು, “ಅದನ್ನ ಒಲೆಗೆ ಹಾಕ್ಬಿಡೇ ಮಾರಾಯ್ತಿ,” ಎಂದಳು.

“ಬಂದದ್ದನ್ನ ತೂಗುಹಾಕಲೇಬೇಕು. ಅದು ಕಟ್ಟಳೆ.”

“ನಿನ್ನ ಕಟ್ಟಳೆಗೆ ಬೆಂಕಿ ಬೀಳ!”

“ಕರೋಲಾ, ಹೆಸರು ನನ್ನ ಬಾಯಿಂದ ಬರಲ್ಲ. ಪಟ್ಟೀಲೂ ಬರಲ್ಲ. ‘ಹೆಸರಿಲ್ಲದವರು’ ಅಂತ ಹಾಕ್ತೀನಿ. ನನ್ನಾಣೆ.”

ಆಣೆಯನ್ನು ಅವಳು ಅಕ್ಷರಶಃ ಉಳಿಸಿಕೊಂಡಳು. ಈ ಕಥೆ ಹೇಳುವ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು ಅದೇ.

ಪ್ರದರ್ಶನ ಹತ್ತು ದಿನ ನಡೆಯಬೇಕಿತ್ತು. ಏಳನೇ ದಿನ, ಗೋಡೆಯಲ್ಲಿ ತೇವ ಇದೆ ಎಂದು ಯಾರೋ ಬಂದು ಬೀಗ ಹಾಕಿಸಿದರು. ಆ ಏಳು ದಿನದಲ್ಲಿ ಊರಿನ ಮುಕ್ಕಾಲು ಪಾಲು ಜನ ಬಂದುಹೋಗಿದ್ದರು, ಮುಕ್ಕಾಲು ಪಾಲು ಜನ ನಿಂತದ್ದು ಆ ಟ್ಯಾಂಕಿನ ಕಾರ್ಡಿನ ಮುಂದೆಯೇ. ಜೋರಾಗಿ ನಗುವವರಿಲ್ಲ, ಮೂಗಿನೊಳಗೆ ನಗುವವರೇ ಎಲ್ಲ. ಮೂರನೇ ದಿನ ಇಬ್ಬರು ಬಂದು ಅದೊಂದನ್ನೇ ನಾಲ್ಕು ಸಲ ಫೋಟೋ ತೆಗೆದುಕೊಂಡರು. ‘ಇದು ಯಾರದು’ ಎಂದು ಮೇಷ್ಟ್ರನ್ನು ಕೇಳಿದರು. “ಪಟ್ಟೀಲಿ ಇರುತ್ತೆ ನೋಡಿ ಸ್ವಾಮಿ,” ಎಂದರು ಮೇಷ್ಟ್ರು. ಪಟ್ಟಿಯಲ್ಲಿ ಇರುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ್ದು.

ಬೀಗ ಬಿದ್ದರೇನು, ಪಟ್ಟಿ ಹೋಗಲೇಬೇಕಲ್ಲ. ರೋಸ್ವಿಟಾ ಟೈಪ್‌ರೈಟರಿಗೆ ಏಳು ಹಾಳೆ, ಆರು ಕಾರ್ಬನ್ ಸಿಕ್ಕಿಸಿ ಒಂಬತ್ತು ಸಲ ಅದೇ ಪಟ್ಟಿ ಕುಟ್ಟಿದಳು. ಏಳನೇ ಹಾಳೆಯ ಅಕ್ಷರ ಮಂಜಿನಲ್ಲಿ ನಿಂತ ಹಾಗೆ ಮಸಕು. ಅದನ್ನು ತನ್ನೂರಿನ ಹತ್ತಿರದವರಿಗೆ ಇಟ್ಟಳು, ಕಪ್ಪಗಿರುವುದು ದೂರದವರಿಗೆ. ಅರವತ್ತು ಹೆಸರು, ಅರವತ್ತು ವಿಳಾಸ. ಕಡೆಯ ಸಾಲಿನಲ್ಲಿ ‘ಹೆಸರಿಲ್ಲದವರು’. ಪ್ರತಿ ಪಟ್ಟಿಗೂ ಲಕೋಟೆಗೂ ಕಿಟಕಿಯ ಮುದ್ರೆ ಒತ್ತಿದಳು. ಲಕೋಟೆಗಳ ಮೇಲೆ ಒಂದೊಂದಾಗಿ ವಿಳಾಸ ಬರೆದಳು. ಅರವತ್ತು ಆಯಿತು.

ಕಳಿಸಬೇಕಾದದ್ದು ಇನ್ನೊಂದು ಉಳಿಯಿತು. ಎಕಾರ್ಟ್‌ನದು.

ಕೈಯಲ್ಲೇ ಕೊಡಬಹುದಿತ್ತು. ಮೂರು ದಿನಕ್ಕೆ ಭಾನುವಾರ. ಕೇಕಿನ ತಟ್ಟೆಯ ಪಕ್ಕ ಇಟ್ಟರೆ ಮುಗಿಯಿತು. ಇದು ಅವಳಿಗೆ ಹೊಳೆಯಲಿಲ್ಲ ಎಂದಲ್ಲ, ಹೊಳೆಯಿತು. ಒಂದು ಗಳಿಗೆ ಪೆನ್ನು ನಿಂತಿತು. ಆದರೆ ಕೈಯಲ್ಲಿ ಕೊಟ್ಟದ್ದಕ್ಕೆ ಮೊಹರು ಎಲ್ಲಿ? ಅವನು ಇಷ್ಟು ಕಷ್ಟಪಟ್ಟು, ಡ್ರೆಸ್ಡೆನ್ ತನಕ ಹೋಗಿ ಅಂಚೆಗೆ ಹಾಕಿದ್ದಾನೆ. ಹದಿನಾರು ದೇಶದವರಿಗೆ ಸಿಕ್ಕುವ ಮರ್ಯಾದೆ ಅವನಿಗೆ ಸಿಕ್ಕಬಾರದೇ? ಅವನ ಹೆಸರು ಪಟ್ಟಿಯಲ್ಲಿಲ್ಲ. ಗೆಳೆಯನಿಗೆ ಗೆಳತಿ ಒಂದು ಕಾಗದ ಹಾಕಿದರೆ ಅದರಲ್ಲೇನಿದೆ? ಒಡೆದು ನೋಡುವವರಿಗೆ ಏನು ಸಿಕ್ಕೀತು, ಹೆಸರಿಲ್ಲದ ಒಂದು ಪಟ್ಟಿ!

‘ಎಕಾರ್ಟ್ ಲಿಬಿಶ್’ ಎಂದು ಬರೆದು, ನಾಲಿಗೆಯಿಂದ ಅಂಟು ಒದ್ದೆ ಮಾಡಿ ಮುಚ್ಚಿದಳು. ಮೇ ಹದಿನೇಳು, ಗುರುವಾರ, ಅಂಗಡಿಗೆ ಹೋಗುವ ದಾರಿಯಲ್ಲಿ ಅರವತ್ತೊಂದನ್ನೂ ಒಂದೇ ಡಬ್ಬಿಗೆ ಹಾಕಿದಳು.

ಭಾನುವಾರ ಎಕಾರ್ಟ್ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡ. “ಶನಿವಾರ ಬಂತು ಕಣೇ! ಮೊಹರು ಎಷ್ಟು ಚೆನ್ನಾಗಿ ಬಿದ್ದಿದೆ ನೋಡು, ಸರಿಯಾಗಿ ಕಿಟಕಿ ಮೇಲೇ.” ಅವನಿಗೂ ತಪ್ಪು ಕಾಣಲಿಲ್ಲ. ಅವನೂ ಅದೇ ಮತದವನು. ಲಕೋಟೆಯನ್ನು ಅಡಿಗೆಮನೆಯ ಕಪಾಟಿಗೆ ಪಿನ್ನು ಹೊಡೆದು ನಿಲ್ಲಿಸಿದ್ದ.

ಹನ್ನೊಂದನೇ ದಿನ, ಸೋಮವಾರ ಬೆಳಿಗ್ಗೆ, ಕಾರ್ಖಾನೆಯ ಗೇಟಿನಲ್ಲೇ ಅವನನ್ನು ಕಾರಿಗೆ ಹತ್ತಿಸಿಕೊಂಡರು. ಮಧ್ಯಾಹ್ನ ಮನೆಗೆ ಐದು ಜನ ಬಂದು ಯೂಲೆಯ ಪುಸ್ತಕಗಳ ರಾಶಿಯನ್ನು ನೆಲಕ್ಕೆ ಸುರಿದರು. ಎಣಿಸುವ ಪುಸ್ತಕದಲ್ಲಿ ಎರಡು ಪುಟ ಕತ್ತರಿಸಿ ತೂತು ಬಿದ್ದಿತ್ತು. ಅದನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋದರು. ಮಗು ತನ್ನ ಪುಸ್ತಕ ಕೊಡಿ ಎಂದು ಅವರ ಹಿಂದೆ ಮೆಟ್ಟಿಲು ಇಳಿದು ಬೀದಿಯ ತನಕ ಓಡಿತು.

ಹೇಳಿದವರು ಯಾರು? ಗೊತ್ತಿದ್ದದ್ದು ನಾಲ್ಕು ಜನಕ್ಕೆ. ಎಕಾರ್ಟ್ ತನ್ನನ್ನು ತಾನೇ ಹಿಡಿದುಕೊಡಲಾರ, ಕರೋಲಾ ಹೆಂಡತಿ. ಇನ್ನುಳಿದದ್ದು ಇಬ್ಬರು. ರೋಸ್ವಿಟಾ ಪ್ರದರ್ಶನದ ಯಜಮಾನಿ, ಹೋದರೆ ಮೊದಲು ಅವಳೇ ಹೋಗಬೇಕು, ಅವಳೇಕೆ ಹೇಳುತ್ತಾಳೆ? ಹಾಗೆಂದು ಊರು ಲೆಕ್ಕ ಹಾಕಿತು. ಇಲ್ಲದಿದ್ದರೂ ಹಾಕುತ್ತಿತ್ತೋ ಏನೋ, ಆದರೆ ಅದೇ ತಿಂಗಳು ಹೆನ್ನಿಂಗ್ ಮೇಷ್ಟ್ರ ಮನೆಗೆ ಟೆಲಿಫೋನ್ ಬಂತು. ಹದಿನಾಲ್ಕು ವರ್ಷದ ಹಿಂದೆ ಅರ್ಜಿ ಹಾಕಿದ್ದ ಟೆಲಿಫೋನ್. ಸರದಿ ಬಂತು, ಕೊಟ್ಟರು. ನಂಬುವವರು ಯಾರು? ಹೈಡೆನ್‌ಬ್ರುಕ್ಕಿನಲ್ಲಿ ಡಾಕ್ಟರ ಮನೆಗೇ ಇಲ್ಲದ ಟೆಲಿಫೋನ್!

“ನನ್ನ ಮನೆ ಕೇಕ್ ತಿಂದು ನನ್ನ ಗಂಡನ್ನ ಮಾರಿದ,” ಎಂದಳು ಕರೋಲಾ. ಅವಳಂದದ್ದು ಸಂಜೆಯ ಹೊತ್ತಿಗೆ ಬ್ರೆಡ್ಡಿನ ಅಂಗಡಿಯಲ್ಲಿತ್ತು.

ಜೂನ್ ಆರಂಭದಲ್ಲಿ ರೋಸ್ವಿಟಾಳಿಗೆ ಕರೆ ಬಂತು. ಅವಳು ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಒಳಬಟ್ಟೆ ಚೀಲಕ್ಕೆ ಹಾಕಿಕೊಂಡೇ ಹೋದಳು. ನಿಜ ಹೇಳಬೇಕೆಂದರೆ ಒಳಗೆ ಹಾಕಿದರೆ ಸಾಕು ಎನ್ನುವ ಆಸೆಯೂ ಇತ್ತು. ಗೆಳೆಯ ಒಳಗಿದ್ದು ತಾನು ಹೊರಗಿರುವುದು ಅವಳಿಗೆ ತುತ್ತು ಇಳಿಸಲು ಬಿಡುತ್ತಿರಲಿಲ್ಲ.

ಅಧಿಕಾರಿ ನಲವತ್ತರ ಆಚೀಚಿನವನು, ಮೆತ್ತಗಿನ ಧ್ವನಿ, ಕಿವಿಯ ಹಿಂದೆ ಪೆನ್ಸಿಲ್.

“ಕೂತ್ಕೊಳ್ಳಿ ಶ್ರೀಮತಿ ಹೈಂಕೆ. ಕಾಫಿ ತಗೊಳ್ತೀರಾ? ನಿಜವಾದ್ದು, ಚಿಕೋರಿ ಅಲ್ಲ.”

“ಬೇಡ.”

“ಚೀಲ ಯಾಕೆ ತಂದ್ರಿ? ನಿಮ್ಮನ್ನ ಇಟ್ಕೊಳ್ಳಲ್ಲ. ನಿಮ್ಮಿಂದ ನಮಗೆ ಉಪಕಾರ ಆಗಿದೆ.” ಅವನು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟ. “ಇದು ನಿಮ್ಮ ಪಟ್ಟಿ. ಅರವತ್ತು ಹೆಸರು, ಒಂದು ‘ಹೆಸರಿಲ್ಲದವರು’. ಇದು ನಮ್ಮ ಪಟ್ಟಿ. ಮೇ ಹದಿನೇಳಕ್ಕೆ ನೀವು ಡಬ್ಬಿಗೆ ಹಾಕಿದ ಲಕೋಟೆಗಳ ಮೇಲಿದ್ದ ವಿಳಾಸಗಳು. ಅರವತ್ತೊಂದು. ಈಗ ನಿಮ್ಮದರಲ್ಲಿರೋ ಹೆಸರನ್ನ ನಮ್ಮದರಲ್ಲಿ ಹೊಡೀತಾ ಹೋಗೋಣ.”

ಪೆನ್ಸಿಲ್ ತೆಗೆದು ಒಂದೊಂದೇ ಹೆಸರು ಹೊಡೆಯತೊಡಗಿದ. ಅವಸರವಿಲ್ಲ. ಮೂರನೆಯದಕ್ಕೇ ರೋಸ್ವಿಟಾಳಿಗೆ ಅರ್ಥವಾಯಿತು. ಅವನು ಅರವತ್ತನ್ನೂ ಹೊಡೆದ. ಹೊಡೆಯದೆ ಉಳಿದ ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿದ.

“ನಮ್ಮವರು ಮೂರು ವಾರದಿಂದ ತಲೆ ಕೆಡಿಸ್ಕೊಂಡಿದ್ರು. ಡ್ರೆಸ್ಡೆನ್ನಲ್ಲಿ ಎಷ್ಟು ಜನರ ಕೈಬರಹ ನೋಡಿದಾರೆ ಗೊತ್ತಾ? ಗುಡ್ಡ ಅಗೆದು ಇಲೀನೂ ಸಿಕ್ಕಿರ್ಲಿಲ್ಲ. ನೀವು ಅಂಚೇಲಿ ಕಳಿಸಿಕೊಟ್ರಿ.”

ಅವನು ಮುಂದಕ್ಕೆ ಬಾಗಿದ.

“ಒಂದೇ ಒಂದು ಕೇಳ್ಬೇಕು. ಕಡತಕ್ಕಲ್ಲ, ನನ್ನ ಸ್ವಂತ ಕುತೂಹಲ. ಆತ ನಿಮ್ಮ ಮನೆಯಿಂದ ಎರಡು ಬೀದಿ ಆಚೆ. ಭಾನುವಾರ ಭಾನುವಾರ ಹೋಗ್ತೀರಿ. ಕೈಲೇ ಕೊಡಬಹುದಿತ್ತಲ್ಲ?”

“ಅಂಚೇಲೇ ಹೋಗ್ಬೇಕು. ನಮ್ಮಲ್ಲಿ.”

“ಕಾಯ್ದೆನಾ?”

“ಪದ್ಧತಿ.”

“ಯಾರು ಮಾಡಿದ್ದು?”

“ಯಾರೂ ಮಾಡಿಲ್ಲ.”

“ತಪ್ಪಿದ್ರೆ ಶಿಕ್ಷೆ?”

“ಏನೂ ಇಲ್ಲ.”

ಅವನು ಕುರ್ಚಿಗೆ ಒರಗಿ ನಕ್ಕ. ಕುಹಕದ ನಗೆಯಲ್ಲ, ಮನಸಾರೆ ನಗು. “ನಮ್ಮ ಕಾಯ್ದೆಗಳನ್ನ ಜನ ಇದರಲ್ಲಿ ಕಾಲು ಭಾಗ ಪಾಲಿಸಿದ್ರೆ ನನಗೆ ಈ ಕೆಲಸಾನೇ ಇರ್ತಿರ್ಲಿಲ್ಲ ನೋಡಿ.”

ಇಲ್ಲಿ ಆಡಿದ ಮಾತನ್ನು ಹೊರಗೆ ಆಡುವುದಿಲ್ಲ ಎಂಬ ಕಾಗದಕ್ಕೆ ಅವಳು ರುಜು ಹಾಕಿದಳು. ಬಾಗಿಲ ತನಕ ಬಂದು ಅವನೇ ಚೀಲ ಎತ್ತಿಕೊಟ್ಟ.

ಆ ರುಜು ಅವಳಿಗೆ ನೆಪವಾಯಿತು. ಹೇಳಿದರೆ ನನ್ನನ್ನೂ ಒಯ್ಯುತ್ತಾರೆ ಎಂದು ಮೊದಲ ವಾರ ಅಂದುಕೊಂಡಳು. ವಿಚಾರಣೆ ಮುಗಿಯಲಿ ಎಂದು ಎರಡನೇ ವಾರ. ಕರೋಲಾಳ ಸಂಕಟಕ್ಕೆ ಇನ್ನೊಂದು ಸಂಕಟ ಯಾಕೆ ಎಂದು ಮೂರನೇ ವಾರ. ಸುಳ್ಳು ಹೇಳಲು ಒಂದು ನಾಲಿಗೆ ಬೇಕು, ಸುಮ್ಮನಿರಲು ಅದೂ ಬೇಡ. ಪ್ರತಿ ಭಾನುವಾರ ಅವಳು ಹೋಗುತ್ತಲೇ ಇದ್ದಳು. ಯೂಲೆಗೆ ಕಾಗದದ ಮನೆ ಮಾಡಿಕೊಟ್ಟಳು. ಕರೋಲಾ ಮೇಷ್ಟ್ರನ್ನು ಬೈಯುವಾಗ ತಲೆ ತಗ್ಗಿಸಿಕೊಂಡು ಕೂತಿರುವಳು. ಆ ತಗ್ಗಿಸಿದ ತಲೆಯನ್ನು ಕರೋಲಾ ಹೌದೆಂದು ತಿಳಿದಳು.

ಆಸ್ಪತ್ರೆಯವರು ಕರೋಲಾಳನ್ನು ವಾರ್ಡಿನಿಂದ ತೆಗೆದು ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಮೇಷ್ಟ್ರ ಕಥೆ ಬೇರೆ. ಅಂಗಡಿಯ ಮುಂದೆ ಚೆರ್ರಿ ಹಣ್ಣಿನ ಸಾಲಿನಲ್ಲಿ ಅವರು ನಿಂತರೆ ಹಿಂದೆ ಮುಂದೆ ಒಂದೊಂದು ಮಾರು ಜಾಗ ಬಿಟ್ಟು ಜನ ನಿಲ್ಲುತ್ತಿದ್ದರು. ಚರ್ಚಿನಲ್ಲಿ ಅವರ ಬೆಂಚು ಖಾಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎನ್ನುತ್ತಾರೆ. ಮೇಷ್ಟ್ರು ಮುಟ್ಟಿ ನೋಡಿಕೊಳ್ಳಲೂ ಇಲ್ಲ, ಅಲ್ಲ ಎಂದು ಕೂಗಲೂ ಇಲ್ಲ. ಕೇಳಿದ್ದರೆ ತಾನೇ ಹೇಳುವುದು? ಯಾರೂ ಕೇಳಲಿಲ್ಲ.

ಜುಲೈಯಲ್ಲಿ ಒಂದು ಮಧ್ಯಾಹ್ನ ರೋಸ್ವಿಟಾ ಅಂಗಡಿಯ ಕಿಟಕಿಯೊಳಗೆ ಮೊಣಕಾಲೂರಿ, ಬೊಂಬೆಯ ಕೋಟಿಗೆ ಪಿನ್ನು ಚುಚ್ಚುತ್ತಿದ್ದಳು. ತಲೆ ಎತ್ತಿದರೆ ಗಾಜಿನ ಆಚೆ ಮೇಷ್ಟ್ರು. ಟೋಪಿ ತೆಗೆದು ನಿಂತಿದ್ದರು. ಅವಳು ಪಿನ್ನುಗಳ ಡಬ್ಬಿಗೆ ಬಗ್ಗಿದಳು. ಸಾಕಷ್ಟು ಹೊತ್ತು ಬಗ್ಗಿಯೇ ಇದ್ದಳು. ಸಂಜೆ ಹಿಂಬಾಗಿಲಿನಿಂದ ಹೊರಬಿದ್ದರೆ ಅವರು ಅಲ್ಲೇ ಕಾದಿದ್ದರು.

“ರೋಸ್ವಿಟಾ, ನೀನೂನಾ?”

“ನಾನೇನೂ ಅಂದಿಲ್ಲವಲ್ಲ ಮೇಷ್ಟ್ರೇ.”

“ಅದನ್ನೇ ನಾನು ಹೇಳ್ತಿರೋದು. ನೀನೇನೂ ಅಂತಿಲ್ಲ.” ಮೇಷ್ಟ್ರು ಟೋಪಿಯನ್ನು ಕೈಯಲ್ಲಿ ಸುತ್ತಿಸುತ್ತಿದ್ದರು. “ಹದಿನಾಲ್ಕು ವರ್ಷ ಕಾದೆ ಆ ಫೋನಿಗೆ. ಮಗಳ ಧ್ವನಿ ಕೇಳ್ಬಹುದು ಅಂತ. ಈಗ ಅದು ಬಡ್ಕೊಂಡ್ರೆ ಬೈಗುಳ. ಎತ್ತೋದೇ ಬಿಟ್ಟಿದೀನಿ. ಅವನಿಗೆ ಬ್ರಷ್ಷು ಹಿಡಿಯೋದು ಕಲ್ಸಿದ್ದು ನಾನು, ಗೊತ್ತಲ್ಲ ನಿನಗೆ?”

“ಗೊತ್ತು.”

“ಮತ್ತೆ?”

ಅವಳು ಬಸ್ಸಿಗೆ ಹೊತ್ತಾಯಿತು ಎಂದಳು. ಅವಳ ಮನೆಗೆ ಬಸ್ಸೇ ಇಲ್ಲ, ನಡೆದು ಹೋಗುವ ದೂರ. ಅದು ಮೇಷ್ಟ್ರಿಗೂ ಗೊತ್ತು.

ಆಗಸ್ಟಿನಲ್ಲಿ, ಮುಚ್ಚಿದ ಬಾಗಿಲ ಹಿಂದೆ ತೀರ್ಪಾಯಿತು. ಇಪ್ಪತ್ತೆರಡು ತಿಂಗಳು. ಅದೇ ವಾರದ ಶುಕ್ರವಾರ ಮೇಷ್ಟ್ರ ಮನೆಯ ಬಾಗಿಲಿಗೆ ಯಾರೋ ಹಂದಿಯ ಕಿವಿಯೊಂದನ್ನು ಮೊಳೆ ಹೊಡೆದು ಹೋಗಿದ್ದರು, ಕದ್ದು ಕೇಳುವವನಿಗೆ ಎಂದು. ರೋಸ್ವಿಟಾ ಅದನ್ನು ಕಣ್ಣಾರೆ ಕಂಡಳು. ಎಪ್ಪತ್ತು ದಾಟಿದ ಮನುಷ್ಯ ಇಕ್ಕಳ ಹಿಡಿದುಕೊಂಡು ಮೊಳೆ ಕೀಳುತ್ತಿದ್ದ. ಇಕ್ಕಳ ಮತ್ತೆ ಮತ್ತೆ ಜಾರುತ್ತಿತ್ತು. ಅವಳು ನೆಟ್ಟಗೆ ಕರೋಲಾಳ ಮನೆಗೆ ನಡೆದಳು.

ಯೂಲೆ ಅಜ್ಜಿಯ ಮನೆಗೆ ಹೋಗಿದ್ದಳು. ಕರೋಲಾ ಅಡಿಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಸೋಡಾ ನೀರಿನಲ್ಲಿ ಬಟ್ಟೆ ಒಗೆದು ಒಗೆದು ಬೆರಳೆಲ್ಲ ಬಿರುಕು. ರೋಸ್ವಿಟಾ ನಿಂತುಕೊಂಡೇ ಎಲ್ಲ ಹೇಳಿದಳು. ಎರಡು ಪಟ್ಟಿ, ಪೆನ್ಸಿಲ್, ಉಳಿದ ಒಂದು ಸಾಲು. ಮೇಷ್ಟ್ರು ಏನೂ ಮಾಡಿಲ್ಲ ಎಂದೂ, ತನಗಿದು ಜೂನಿನಿಂದಲೇ ಗೊತ್ತಿತ್ತು ಎಂದೂ ಹೇಳಿದಳು. ಕಡೆಯದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಕರೋಲಾ ಚಾಕು ಕೆಳಗಿಟ್ಟಳು.

“ಎರಡು ಬೀದಿ,” ಎಂದಳು.

“ಹೂಂ.”

“ಆ ಭಾನುವಾರ ನೀನಿಲ್ಲಿಗೆ ಬಂದಿದ್ದೆ. ಈ ಕುರ್ಚಿ. ಎರಡು ತುಂಡು ತಿಂದೆ.”

“ಹೂಂ.”

“ಮೇಷ್ಟ್ರು ಅಂದ್ಕೊಂಡಿದ್ದಾಗ ನಂಗೆ ಒಂದಿಷ್ಟು ನಿದ್ದೆ ಬರ್ತಿತ್ತು. ಬೈಯೋಕೆ ಒಬ್ಬ ಇದ್ದ. ಹೆದರಿಕೆಗೆ ಮಾರಿದ, ಆಸೆಗೆ ಮಾರಿದ, ಮನುಷ್ಯ ಅಲ್ವಾ ಅನ್ನೋಕಾದ್ರೂ ಒಂದು ಕಾರಣ ಇತ್ತು.” ಅವಳ ಧ್ವನಿ ಏರಲಿಲ್ಲ. “ನೀನು ಒಂದು ಮೊಹರಿಗೋಸ್ಕರ?”

“ಅವನಿಗೂ ಮರ್ಯಾದೆ ಆಗ್ಲಿ ಅಂತ...”

“ಮರ್ಯಾದೆ.” ಕರೋಲಾ ಎದ್ದು ಬಾಗಿಲು ತೆಗೆದಳು. “ಹೊರಡಿ ನೀವು.”

ಹತ್ತು ವರ್ಷದ ‘ನೀನು’ ಅಲ್ಲಿಗೆ ‘ನೀವು’ ಆಯಿತು. ರೋಸ್ವಿಟಾ ಬಾಗಿಲ ತನಕ ಬಂದು ತಿರುಗಿದಳು.

“ಅವನಿಗೆ ಹೇಳ್ತೀಯಾ ಕರೋಲಾ? ಮೇಷ್ಟ್ರಲ್ಲ ಅಂತ. ನಾನು ಅಂತ.”

“ತಿಂಗಳಿಗೊಂದು ಸಲ ಅರ್ಧ ಗಂಟೆ ಬಿಡ್ತಾರೆ. ನಡುವೆ ಟೇಬಲ್ಲು, ಪಕ್ಕದಲ್ಲಿ ಒಬ್ಬ ಕಾವಲು. ಕೈ ಮುಟ್ಟೋ ಹಾಗಿಲ್ಲ. ಅವನಿಗೆ ಹಲ್ಲು ಎರಡು ಹೋಗಿವೆ, ಹೇಗೆ ಹೋಯ್ತು ಅಂತ ಕೇಳೋ ಹಾಗಿಲ್ಲ. ಆ ಅರ್ಧ ಗಂಟೇಲಿ ನಾನು ನಿಮ್ಮ ಲಕೋಟೆ ಕಥೆ ಹೇಳ್ಲಾ? ನೀವೇ ಬರೀರಿ. ಪೋಸ್ಟ್ ಮಾಡೋದು ನಿಮಗೆ ಚೆನ್ನಾಗಿ ಬರುತ್ತಲ್ಲ.”

ವಾರ ಕಳೆಯುವುದರೊಳಗೆ ಊರಿಗೆಲ್ಲ ಗೊತ್ತಾಯಿತು, ಊರು ತನಗೆ ಬೇಕಾದ ಹಾಗೆ ತಿಳಿದುಕೊಂಡಿತು. ಎರಡು ಬೀದಿ ಆಚೆ ಇರುವವನಿಗೆ ಯಾರಾದರೂ ಪೋಸ್ಟ್ ಮಾಡುತ್ತಾರೆಯೇ? ಲಕೋಟೆಯೂ ಇಲ್ಲ, ಏನೂ ಇಲ್ಲ, ಇವಳೇ ಕಂಪನಿಯವರ ಪೈಕಿ, ಈಗ ಸಿಕ್ಕಿಬಿದ್ದು ಕಥೆ ಕಟ್ಟುತ್ತಿದ್ದಾಳೆ. ಮೇಷ್ಟ್ರನ್ನು ಮಾತಾಡಿಸಲು ಹೋದವರಿಗೆ ಮೇಷ್ಟ್ರು ಬಾಗಿಲು ತೆಗೆಯಲಿಲ್ಲ. ರೋಸ್ವಿಟಾ ಅಲ್ಲ ಎನ್ನಲಿಲ್ಲ. ಅಲ್ಲ ಎಂದು ಹೇಳುವ ಹಕ್ಕನ್ನು ಜುಲೈಯಲ್ಲೇ ಆ ಹಿಂಬಾಗಿಲಿನಲ್ಲಿ ಕಳೆದುಕೊಂಡಿದ್ದೇನೆ ಎಂದು ಅವಳಿಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಅವಳು ಬರೆಯಲು ಕೂತಳು. ಮುದ್ರೆ ಇಲ್ಲ, ಚಿತ್ರ ಇಲ್ಲ, ಬಣ್ಣ ಇಲ್ಲ. ಆ ಜೈಲಿನಲ್ಲಿರುವವರಿಗೆ ಹೆಂಡತಿಯ ಕಾಗ‌ದ, ತಾಯಿಯ ಕಾಗದ ಬಿಟ್ಟರೆ ಇನ್ನಾರದೂ ಮುಟ್ಟುವುದಿಲ್ಲ ಎಂಬುದು ಊರಿನ ಎಳೆ ಮಕ್ಕಳಿಗೂ ಗೊತ್ತು. ಕರೋಲಾಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ತಾನು ಬರೆಯುವುದು ಎಲ್ಲಿಗೆ ಹೋಗಿ ನಿಲ್ಲುತ್ತದೆ, ಯಾವ ಮೇಜಿನ ಮೇಲೆ, ಯಾರ ಪೆನ್ಸಿಲ್ಲಿನ ಕೆಳಗೆ, ಎಂಬುದೂ ರೋಸ್ವಿಟಾಳಿಗೆ ಗೊತ್ತಿತ್ತು. ಎಕಾರ್ಟ್‌ನ ಕ್ಷಮೆ ಕೇಳುವ ಕಾಗದವನ್ನು ಓದುವವನು ಈ ಲೋಕದಲ್ಲಿ ಆ ಪೆನ್ಸಿಲ್ಲಿನವನೊಬ್ಬನೇ.

ಆದರೂ ಬರೆದಳು. ಒಂದೊಂದು ಅಕ್ಷರವನ್ನೂ ಬಿಡಿಸಿ, ದುಂಡಗೆ, ಓದುವವನಿಗೆ ಎಲ್ಲೂ ತಡವರಿಸಬಾರದು ಎನ್ನುವ ಹಾಗೆ ಬರೆದಳು. ಲಕೋಟೆಯ ಮೇಲೆ ಎಕಾರ್ಟ್‌ನ ಪೂರ್ತಿ ಹೆಸರು, ಜೈಲಿನ ವಿಳಾಸ. ಹಿಂದೆ ತನ್ನ ಹೆಸರು, ತನ್ನ ವಿಳಾಸ. ಕೋಟು ಹಾಕಿಕೊಂಡು ಹೋಗಿ ಡಬ್ಬಿಗೆ ಹಾಕಿ ಬಂದಳು.